ನಡುವಿನ ನೀರು

ಗಡಿಭಾಗದ ಶಾಲೆಗಳ ಪಠ್ಯಪುಸ್ತಕಗಳ ವಿಷಯವಾಗಿ ಈ ತಿಂಗಳು ಬರೆಯುವೆವೆಂದು ಹಿಂದಿನ ಸಂಚಿಕೆಯಲ್ಲಿ ನಾವು ಮಾತು ಕೊಟ್ಟಿದ್ದೆವು. ಆ ಮಾತನ್ನು ಒಂದು ತಿಂಗಳು ಮುಂದೂಡಲು ವಾಚಕರು ಅಪ್ಪಣೆ ಕೊಡಬೇಕು. 2024ರ ದೀಪಾವಳಿಯ ರಜೆಯಲ್ಲಿ ನಾವು ಕೈಗೊಂಡ ಒಂದು ಪ್ರವಾಸದ ವೃತ್ತಾಂತವು ಇನ್ನೂ ಮನಸ್ಸಿನಿಂದ ಇಳಿದಿಲ್ಲ. ಅದನ್ನು ಬರೆದು ಇಳಿಸದೆ ಬೇರೆ ವಿಷಯಕ್ಕೆ ಲೇಖನಿ ಓಡುವಂತೆ ಕಾಣದು.

ಐವತ್ತಾರು ವಯಸ್ಸಿನ ಮುಖ್ಯೋಪಾಧ್ಯಾಯರೊಬ್ಬರು ಹಳೆಯ ಹೀರೋ ಹೋಂಡಾ ಮೋಟಾರ್‌ಸೈಕಲ್ ಏರಿ ಕೊಂಕಣದ ಕಡಲಂಚು ಸುತ್ತಲು ಹೊರಡುವುದು ಉಚಿತವೇ ಎಂಬ ಪ್ರಶ್ನೆ ಮೊದಲು ನಮ್ಮ ಮನೆಯಲ್ಲಿಯೇ ಎದ್ದಿತು. ನಾವು ಕೊಟ್ಟ ಉತ್ತರ, ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿದೆ, ಅನಂತರ ಸೊಂಟ ಕೇಳದು, ಎಂದು. ಅದು ಪೂರ್ಣ ಸತ್ಯವಲ್ಲ. ನಿಜವಾದ ಕಾರಣ ನಮ್ಮ ಒಬ್ಬ ಹಳೆಯ ವಿದ್ಯಾರ್ಥಿ. ಜತ್ತ ತಾಲೂಕಿನ ನಮ್ಮ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿ, ಮುಂದೆ ಮರಾಠಿಯಲ್ಲಿ ಶಿಕ್ಷಕರ ತರಬೇತಿ ಮುಗಿಸಿದ ಹುಡುಗ. ನೌಕರಿಯ ಆದೇಶ ಬಂದುದು ರತ್ನಾಗಿರಿ ಜಿಲ್ಲೆಗೆ, ದಾಭೋಳದ ಸಮೀಪದ ಒಂದು ಹಳ್ಳಿಗೆ. ಆತನಿಗೆ ಮನಸ್ಸಿರಲಿಲ್ಲ, ಒಬ್ಬನೇ ಮಗ. 'ಹೋಗು, ನಾಲ್ಕಾರು ವರ್ಷಗಳಲ್ಲಿ ವರ್ಗಾವಣೆಯಾಗುತ್ತದೆ' ಎಂದು ನೂಕಿದವರು ನಾವೇ. ವರ್ಗಾವಣೆಯಾಗಲಿಲ್ಲ. 2019ರ ಆಷಾಢದಲ್ಲಿ ಒಂದು ರಾತ್ರಿ ಆತನ ತಂದೆ ತೀರಿಕೊಂಡರು. ಮಗ ಊರು ಮುಟ್ಟುವಷ್ಟರಲ್ಲಿ ಮರುದಿನದ ಸಂಜೆಯಾಗಿತ್ತು, ಮಣ್ಣು ಮಾಡಿಯಾಗಿತ್ತು. ಆತ ನಮಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತೋ ಏನೋ. ಆ ಹುಡುಗ ಇರುವ ಊರು ಎಂಥದು, ನಡುವೆ ಏನಿದೆ ಎಂಬುದನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಹಂಬಲ ಆಗಿನಿಂದಲೂ ಇತ್ತು. ನೆಟ್ಟಗೆ ಅಲ್ಲಿಗೇ ಹೋಗುವ ಧೈರ್ಯ ಮಾತ್ರ ಬರಲಿಲ್ಲ. ಮುಂಬಯಿಯಿಂದ ಕಡಲ ಬದಿ ಹಿಡಿದು, ಪ್ರವಾಸವೆಂಬ ನೆಪ ಹೂಡಿ, ಮೆಲ್ಲನೆ ದಕ್ಷಿಣಕ್ಕೆ ಇಳಿದೆವು.

ಪುಣೆಯಲ್ಲಿ ಬಂಧುಗಳ ಮನೆಯಲ್ಲಿ ತಂಗಿ, ಮರುದಿನ ಖಂಡಾಲಾದ ಹಳೆಯ ಘಾಟು ಇಳಿದೆವು. ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. 2024ರ ಜನವರಿಯಲ್ಲಿ ತೆರೆದ, 21.8 ಕಿಲೋಮೀಟರು ಉದ್ದದ ಅಟಲ್ ಸೇತುವೆಯ ಮೇಲೂ ಇಲ್ಲ. ಕಡಲ ಮೇಲಿನ ಆ ವೈಭವ ನಮ್ಮಂಥ ಬಡ ಸವಾರರಿಗೆ ದೂರದಿಂದ ನೋಡಲು ಮಾತ್ರ. ಆದರೆ ಮಜಗಾಂವದ ಭಾವೂಚಾ ಧಕ್ಕೆಯಲ್ಲಿ ನಮ್ಮನ್ನು ತಡೆಯುವವರಿರಲಿಲ್ಲ. ಅಲ್ಲಿಂದ ಎದುರು ದಡದ ಮಾಂಡವಾಕ್ಕೆ ವಾಹನಗಳನ್ನು ಹೊತ್ತೊಯ್ಯುವ ಹಡಗು 2020ರ ಮಾರ್ಚಿನಿಂದ ಓಡುತ್ತಿದೆ. ಗ್ರೀಸಿನಲ್ಲಿ ಕಟ್ಟಿದ ಹಡಗು, ಹೆಸರು ಪ್ರೋಟೊಪೊರೋಸ್. ನೂರಕ್ಕೂ ಹೆಚ್ಚು ಕಾರುಗಳು ಅದರ ಹೊಟ್ಟೆಯಲ್ಲಿ ಹಿಡಿಯುತ್ತವೆ. ನಮ್ಮ ಗಾಡಿಯನ್ನು ಒಂದು ಮೂಲೆಯಲ್ಲಿ ನಿಲ್ಲಿಸಿ ಮೇಲಣ ಅಟ್ಟಕ್ಕೆ ಏರಿದೆವು.

ಸುಮಾರು ಒಂದು ತಾಸಿನ ಪಯಣ. ತಂಪು ಗಾಳಿ, ಹಿಂದೆ ಬಿದ್ದ ಕಡಲಕ್ಕಿಗಳು, ಚಿತ್ರ ತೆಗೆದುಕೊಳ್ಳುವ ಗದ್ದಲ. ಇದೇ ಧಕ್ಕೆಯಿಂದ 1947ರ ಜುಲೈ 17ರ ಬೆಳಿಗ್ಗೆ ರೇವಸಕ್ಕೆಂದು ಹೊರಟ 'ರಾಮದಾಸ' ಎಂಬ ಉಗಿಹಡಗು ಬಿರುಗಾಳಿಗೆ ಸಿಕ್ಕಿ ಮಗುಚಿತು. ಅಂದು ಆಷಾಢದ ಅಮಾವಾಸ್ಯೆ. ಹಬ್ಬಕ್ಕೆ ಊರಿಗೆ ಹೊರಟವರೇ ಬಹಳ. 600ಕ್ಕಿಂತ ಹೆಚ್ಚು ಜನ ನೀರುಪಾಲಾದರು. ಸ್ವಾತಂತ್ರ್ಯಕ್ಕೆ ಒಂದು ತಿಂಗಳೂ ಉಳಿದಿರಲಿಲ್ಲ. ಕೊಂಕಣದವರಿಗೆ ಹಡಗೆಂದರೆ ಅಂದು ವಿಹಾರವಾಗಿರಲಿಲ್ಲ, ಮನೆಯ ದಾರಿಯಾಗಿತ್ತು. ಮುಂಬಯಿಯ ಗಿರಣಿಗಳಲ್ಲಿ ದುಡಿಯುವವರು ಅದರಲ್ಲಿಯೇ ಬಂದುಹೋಗಬೇಕು. ಕೊಂಕಣ ರೈಲು ಪೂರ್ತಿಯಾಗಿ ತೆರೆದುದು 1998ರಲ್ಲಿ. ಅಷ್ಟರಲ್ಲಿ ಬಸ್ಸುಗಳ ಪೈಪೋಟಿಯಲ್ಲಿ ಆ ಹಡಗುಗಳ ಕಾಲ ಬಹುಮಟ್ಟಿಗೆ ಮುಗಿದಿತ್ತು.

ಅಲಿಬಾಗ ದಾಟಿ, ರೇವದಂಡಾದ ಸೇತುವೆಯ ಆಚೆ ಕೊರ್ಲಯಿ ಎಂಬ ಪುಟ್ಟ ಊರು ಸಿಗುತ್ತದೆ. ದಾರಿಹೋಕರು ಗುಡ್ಡದ ಮೇಲಿನ ಕೋಟೆ ನೋಡಿ ಮುಂದೆ ಸಾಗುವುದು ವಾಡಿಕೆ. ನಾವು ಚಹಾದಂಗಡಿಯಲ್ಲಿ ಕುಳಿತೆವು, ಕಿವಿಗೆ ಕೆಲಸವಿತ್ತು. ಪೋರ್ಚುಗೀಜರು ಚೌಲವನ್ನು ಮರಾಠರಿಗೆ ಬಿಟ್ಟುಕೊಟ್ಟು ಹೋದುದು 1740ರಲ್ಲಿ. ಆದರೂ ಈ ಊರಿನ ಕ್ರೈಸ್ತ ಮನೆಗಳಲ್ಲಿ ಪೋರ್ಚುಗೀಜು-ಮರಾಠಿಗಳು ಬೆರೆತು ಹುಟ್ಟಿದ ಒಂದು ನುಡಿ ಇಂದಿಗೂ ಬದುಕಿದೆ. ಆಡುವವರು ಹೆಚ್ಚುಕಡಿಮೆ ಒಂದು ಸಾವಿರ ಜನ. ಅದಕ್ಕೆ ಅವರಿಟ್ಟ ಹೆಸರು 'ನೌ ಲಿಂಗ್', ಎಂದರೆ 'ನಮ್ಮ ಮಾತು'. ಬೇರೆ ಹೆಸರು ಬೇಕೆನಿಸಲಿಲ್ಲ ಪಾಪ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು. ನಮಗೆ ಇದನ್ನು ಯಾರೂ ವಿವರಿಸಬೇಕಿರಲಿಲ್ಲ. ಒಬ್ಬ ಮುದುಕಿ ಮೊಮ್ಮಗನನ್ನು ಗದರಿಸುತ್ತಿದ್ದಳು. ಒಂದು ಶಬ್ದವೂ ತಿಳಿಯಲಿಲ್ಲ, ಅರ್ಥ ಪೂರ್ತಿಯಾಗಿ ತಿಳಿಯಿತು.

ಮುಂದೆ ಮುರುಡ, ರಾಜಪುರಿ. ನೀರಿನ ನಡುವೆ ಜಂಜಿರಾ ದುರ್ಗ. ಸಿದ್ದಿಗಳ ಈ ಕೋಟೆಯನ್ನು ಗೆಲ್ಲಲು ಸಂಭಾಜಿ ಮಹಾರಾಜರು ದಡದಿಂದ ಸಮುದ್ರಕ್ಕೇ ಕಲ್ಲಿನ ದಾರಿ ಹಾಕಿಸಲು ತೊಡಗಿದರಂತೆ. ಆದರೂ ಅದು ಮರಾಠರ ಕೈವಶವಾಗಲಿಲ್ಲ. ಯಲ್ಲಾಪುರ, ಹಳಿಯಾಳಗಳ ಕಾಡಿನಲ್ಲಿ ನಮ್ಮವರೇ ಆಗಿ ಬಾಳುತ್ತಿರುವ ಸಿದ್ದಿಯರನ್ನು ನೆನೆದೆವು. ಒಂದೇ ಆಫ್ರಿಕದ ನೆಲದಿಂದ ಬಂದವರಲ್ಲಿ ಕೆಲವರು ಇಲ್ಲಿ ನವಾಬರಾದರು, ಕೆಲವರು ಅಲ್ಲಿ ಕೂಲಿಯಾದರು.

ಆಗರದಾಂಡಾದಲ್ಲಿ ರಸ್ತೆ ನೀರಿಗಿಳಿದು ಮುಗಿಯುತ್ತದೆ. ಇಲ್ಲಿಂದ ಈ ಕರಾವಳಿಯ ಸ್ವಭಾವವನ್ನು ಸ್ವಲ್ಪ ಹೇಳಬೇಕು. ಸಹ್ಯಾದ್ರಿಯಿಂದ ಇಳಿಯುವ ಹೊಳೆಗಳು ಉದ್ದದಲ್ಲಿ ಕಿರಿಯವು. ಆದರೆ ಅವುಗಳ ಬಾಯಿ ಬಹು ದೊಡ್ಡದು. ಕಡಲು ಹಿಂದಿನ ಯುಗದಲ್ಲಿ ಏರಿ ಕಣಿವೆಗಳೊಳಗೆ ನುಗ್ಗಿದ್ದರಿಂದ ಭರತದ ನೀರು ಹತ್ತಾರು ಮೈಲಿ ಒಳಕ್ಕೆ ಹರಿಯುತ್ತದೆ. ಈ ಅಳಿವೆಗಳನ್ನು ಮರಾಠಿಯಲ್ಲಿ ಖಾಡಿ ಎನ್ನುತ್ತಾರೆ. ಹೆದ್ದಾರಿ ಕಟ್ಟಿದವರು ಹೊಳೆ ಕಿರಿದಾಗಿರುವ ಒಳನಾಡಿನಲ್ಲಿ ಸೇತುವೆ ಹಾಕಿ ಗೋವೆಗೆ ಹೋದರು. ಕಡಲಂಚಿನ ಊರುಗಳು ಎರಡು ಖಾಡಿಗಳ ನಡುವಿನ ನಾಲಗೆಗಳ ಮೇಲೆ ಹಾಗೆಯೇ ಉಳಿದವು. ಎದುರು ದಡದ ತೆಂಗಿನ ಮರ ಎಣಿಸಬಹುದು, ಅಲ್ಲಿಗೆ ಹೋಗಬೇಕಾದರೆ ಅರ್ಧ ದಿನ. ರೇವಸದಿಂದ ರೆಡ್ಡಿಯವರೆಗೆ, ಸುಮಾರು 500 ಕಿಲೋಮೀಟರು, ಕಡಲ ಬದಿಯಲ್ಲಿಯೇ ಒಂದು ಹೆದ್ದಾರಿ ಆಗಬೇಕೆಂಬ ಮಾತು ಅಂತುಳೆಯವರ ಕಾಲದಿಂದ, ಎಂದರೆ 1980ರ ದಶಕದಿಂದ, ನಡೆದು ಬಂದಿದೆ.

ಆ ವರೆಗೆ ಇರುವುದು ವಾಹನ ಹೊರುವ ಚಪ್ಪಟೆ ದೋಣಿ. ಎರಡು ತುದಿಗೂ ಕಬ್ಬಿಣದ ಹಲಗೆ. ದಡ ಮುಟ್ಟಿದೊಡನೆ ಹಲಗೆ ದಡಾರನೆ ಬಿದ್ದು ರಸ್ತೆಯಾಗುತ್ತದೆ. ಮೊದಲು ಬಸ್ಸು-ಕಾರುಗಳು, ಅನಂತರ ಉಳಿದ ಸಂದಿಗಳಲ್ಲಿ ಮೋಟಾರ್‌ಸೈಕಲ್ಲುಗಳು, ಅದರ ಮೇಲೆ ಜನ, ಕೋಳಿ, ಮೀನಿನ ಬುಟ್ಟಿ. ಮೋಟಾರ್‌ಸೈಕಲ್ಲಿನವರು ಗಾಡಿಯನ್ನು ಒಂದನೆಯ ಗೇರಿನಲ್ಲಿಟ್ಟು, ಪಕ್ಕದಲ್ಲಿಯೇ ಹಿಡಿದು ನಿಲ್ಲಬೇಕೆಂಬ ವಿವೇಕ ನಮಗೆ ಎರಡನೆಯ ಅಳಿವೆಯಲ್ಲಿ ಬಂತು.

ಆ ಪ್ರಸಂಗ ಹೀಗಾಯಿತು. ಶ್ರೀವರ್ಧನ, ಹರಿಹರೇಶ್ವರ ಮುಗಿಸಿ ಬಾಗಮಾಂಡಲಾಕ್ಕೆ ಬಂದು, ಸಾವಿತ್ರಿ ನದಿಯ ಬಾಯಿಯನ್ನು ದಾಟಿ ವೇಶ್ವಿಯಲ್ಲಿ ಇಳಿಯಬೇಕು. ಈ ನದಿಯೇ ರಾಯಗಡ, ರತ್ನಾಗಿರಿ ಜಿಲ್ಲೆಗಳ ಗಡಿ. ನಾವು ನದಿಯಲ್ಲಿ ಅರ್ಧಕ್ಕೆ ನಿಂತ ಸೇತುವೆಯ ಕಂಬಗಳನ್ನು ನೋಡುತ್ತ, ದೋಣಿಯ ತಾಳಕ್ಕೆ ತಲೆದೂಗುತ್ತ ನಿಂತಿದ್ದೆವು. ದೋಣಿ ದಡಕ್ಕೆ ತಾಗಿದ ಏಟಿಗೆ ಗಾಡಿ ಧೊಪ್ಪನೆ ಮಗ್ಗುಲಾಯಿತು. ಕ್ಲಚ್ಚಿನ ಹಿಡಿ ಮುರಿದು ಬೆರಳುದ್ದ ಮೊಂಡು ಉಳಿಯಿತು. ಇಳಿತದ ಸಮಯ, ಇಳಿಯುವ ಕಲ್ಲುಹಾಸು ಪಾಚಿಯಿಂದ ಎಣ್ಣೆ ಸುರಿದಂತಿತ್ತು. ದೋಣಿಯ ಹುಡುಗರಿಬ್ಬರು ಬಂದು, 'ಗುರೂಜಿ, ನೀವು ಬರೀ ನಡೆಯಿರಿ' ಎಂದು ಗಾಡಿಯನ್ನು ಮೇಲೆ ತಳ್ಳಿಕೊಟ್ಟರು. ನಾವು ಗುರೂಜಿ ಎಂದು ಅವರಿಗೆ ಹೇಗೆ ತಿಳಿಯಿತೋ! ಮೊಂಡು ಹಿಡಿಯನ್ನೇ ಎರಡು ಬೆರಳಲ್ಲಿ ಒತ್ತುತ್ತ, ಕೆಮ್ಮಣ್ಣಿನ ತಿರುವುಗಳಲ್ಲಿ ದಾಪೋಲಿಯವರೆಗೆ ಹೋದುದು ನಮ್ಮ ಸಾಹಸಗಳಲ್ಲಿ ಒಂದು. ಈ ದಾರಿಗೆ ಹೊರಡುವ ತರುಣ ವಾಚಕರು ಒಂದು ಕ್ಲಚ್ಚಿನ ಹಿಡಿ, ಒಂದು ಟ್ಯೂಬು ಜೊತೆಗಿಟ್ಟುಕೊಳ್ಳಲಿ; ಪೆಟ್ರೋಲು ಕಂಡಲ್ಲಿ ತುಂಬಿಸಲಿ; ಸಂಜೆ ಸಿಹಿನೀರಿನಿಂದ ಗಾಡಿ ತೊಳೆದು ಸರಪಳಿಗೆ ಎಣ್ಣೆ ಬಿಡಲಿ. ಉಪ್ಪುಗಾಳಿಗೆ ಕಬ್ಬಿಣದ ಮೇಲೆ ಬಲು ಪ್ರೀತಿ.

ನಡುವೆ ವೇಳಾಸ ಬಂತು. ಇಲ್ಲಿ ಕಡಲಾಮೆಗಳ ಮೊಟ್ಟೆಗಳನ್ನು ಊರವರೇ ಕಾಯುತ್ತಾರೆ. ಮರಿಗಳು ನೀರಿಗಿಳಿಯುವುದು ಚಳಿಗಾಲ ಕಳೆದ ಮೇಲೆ, ಆದ್ದರಿಂದ ನಮಗೆ ಮರಳು ಮಾತ್ರ ಕಂಡಿತು. ಹರ್ಣೈಯಲ್ಲಿ ಮೀನಿನ ಹರಾಜು ನೋಡಿದೆವು, ಸಸ್ಯಾಹಾರಿಗಳಾದ್ದರಿಂದ ದೂರದಿಂದ.

ಹರ್ಣೈಯ ಪಕ್ಕದ ಮುರುಡ ಗ್ರಾಮದಲ್ಲಿ ಮಾತ್ರ ನಿಲ್ಲದೆ ಹೋಗಲಾರದಾದೆವು. ಇದು ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಊರು. 1916ರಲ್ಲಿ ಮಹಿಳಾ ವಿದ್ಯಾಪೀಠ ಸ್ಥಾಪಿಸಿ, ನೂರು ತುಂಬಿದ 1958ರಲ್ಲಿ ಭಾರತರತ್ನರಾದವರು. ಅವರ ಬಾಲ್ಯದ ಒಂದು ಘಟನೆಯನ್ನು ತರಬೇತಿಯ ದಿನಗಳಲ್ಲಿ ಗುರುಗಳು ಹೇಳಿದ್ದರು. ಸರಕಾರಿ ಪರೀಕ್ಷೆಗೆ ಕುಳಿತುಕೊಳ್ಳಲು ಹುಡುಗ ಧೋಂಡೋ ಇಲ್ಲಿಂದ ಸಾತಾರೆಗೆ, ಸುರಿಯುವ ಮಳೆಯಲ್ಲಿ, ಸಹ್ಯಾದ್ರಿಯನ್ನು ಹತ್ತಿ 110 ಮೈಲಿ ನಡೆದು ಹೋದ. ಹೋದಮೇಲೆ, 'ನೀನು ಬಲು ಚಿಕ್ಕವನಂತೆ ಕಾಣುತ್ತೀ' ಎಂದು ಪರೀಕ್ಷೆಗೆ ಕೂಡಿಸಿಕೊಳ್ಳಲಿಲ್ಲ. ಆ ಕಥೆಯನ್ನು ಮೂವತ್ತು ವರ್ಷ ನಾವೂ ಮಕ್ಕಳಿಗೆ ಹೇಳಿದ್ದೇವೆ, ಪ್ರಯತ್ನಶೀಲತೆಯ ಪಾಠವಾಗಿ. ಮುರುಡದ ಮರಳಿನ ಮೇಲೆ ನಿಂತು ಪೂರ್ವಕ್ಕೆ ತಿರುಗಿ ಆ ಬೆಟ್ಟದ ಸಾಲನ್ನು ನೋಡಿದಾಗ, ಅದನ್ನು ಹಾಗೆ ಹೇಳಬಾರದಿತ್ತೇನೋ ಎನಿಸಿತು. ನಮ್ಮ ವಿದ್ಯಾರ್ಥಿಗೂ ಹೊರಡುವ ದಿನ ಅದೇ ಕಥೆ ಹೇಳಿದ್ದೆವು.

ಆತ ದಾಪೋಲಿಗೇ ಬಂದು ನಮ್ಮನ್ನು ಎದುರುಗೊಂಡ. ಕೂದಲು ನರೆಯುತ್ತಿದೆ. ಕ್ಲಚ್ಚಿನ ಹಿಡಿ ಹಾಕಿಸಿದ, ಮನೆಗೆ ಕರೆದೊಯ್ದ. ಆತನ ಹೆಂಡತಿ ಜೋಳದ ರೊಟ್ಟಿ ಮಾಡಿದ್ದಳು. ಜೋಳ ಜತ್ತದಿಂದ ತಂದದ್ದು. ಮಕ್ಕಳು ತಮ್ಮೊಳಗೆ ಮರಾಠಿ ಆಡುತ್ತಾರೆ, ನಮ್ಮೊಡನೆ ಕನ್ನಡ ಆಡುವಾಗ ಒಂದೊಂದು ಮಾತಿಗೂ ತಾಯಿಯ ಮುಖ ನೋಡುತ್ತಾರೆ. ಆತನ ಶಾಲೆ ನೋಡಿದೆವು. ಎರಡು ಕೋಣೆ, ಕೆಂಪು ಕಲ್ಲಿನ ಗೋಡೆ, ಒಪ್ಪವಾದ ಅಂಗಳ. ಮಕ್ಕಳು ಕಡಿಮೆ, ಊರಿನ ತರುಣರೆಲ್ಲ ಮುಂಬಯಿಯಲ್ಲಿ. ನಮ್ಮ ಶಾಲೆಯ ಹಾಜರಿ ಪುಸ್ತಕವೂ ವರ್ಷ ವರ್ಷಕ್ಕೆ ತೆಳ್ಳಗಾಗುತ್ತಿದೆ ಎಂದೆವು. ಗುರುಶಿಷ್ಯರಿಬ್ಬರೂ ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ಮರುದಿನ ಇಬ್ಬರೂ ಒಂದೊಂದು ಗಾಡಿಯಲ್ಲಿ ದಾಭೋಳಕ್ಕೆ ಇಳಿದೆವು. ಈ ದಾಭೋಳ ನಮ್ಮ ಸೀಮೆಗೆ ಹೊರತಲ್ಲ. ವಿಜಾಪುರದ ಆದಿಲಶಾಹಿಯ ದೊಡ್ಡ ಬಂದರು ಇದೇ; ಅರಬಸ್ಥಾನದ ಕುದುರೆಗಳು ಇಲ್ಲಿ ಇಳಿದು ಘಟ್ಟ ಹತ್ತಿ ನಮ್ಮ ಬಯಲಿಗೆ ಬರುತ್ತಿದ್ದವು. 1508ರ ಕೊನೆಯಲ್ಲಿ ಪೋರ್ಚುಗೀಜರ ಅಲ್ಮೇಡಾ ಮಗನ ಸಾವಿನ ಸೇಡಿಗೆಂದು ಈ ಊರನ್ನು ಸುಟ್ಟು ಬೂದಿ ಮಾಡಿದ. ದಡದಲ್ಲಿ ಗುಮ್ಮಟದ ಒಂದು ಚೆಲುವಾದ ಮಸೀದಿಯಿದೆ. ವಿಜಾಪುರದ ರಾಜಕುಮಾರಿಯೊಬ್ಬಳು ಮಕ್ಕೆಗೆ ಹೋಗಲೆಂದು ಇಲ್ಲಿಗೆ ಬಂದು, ಕಡಲುಗಳ್ಳರ ಭಯದಿಂದ ಹಡಗೇರಲಾರದೆ, ಯಾತ್ರೆಗೆ ತಂದ ಹಣದಿಂದ ಇದನ್ನು ಕಟ್ಟಿಸಿದಳೆಂದು ಊರವರ ಹೇಳಿಕೆ. ನೀರಿನವರೆಗೆ ಬಂದು ದಾಟಲಾರದೆ ನಿಂತವಳು.

ಎದುರಿಗೆ ವಾಶಿಷ್ಠಿಯ ಅಳಿವೆ, ಆಚೆ ಧೋಪಾವೆ. 2003ರಲ್ಲಿ ಈ ಕರಾವಳಿಯ ವಾಹನದೋಣಿಗಳಿಗೆ ನಾಂದಿಯಾದುದು ಇಲ್ಲಿಯೇ. ಅದಕ್ಕೆ ಮೊದಲು ಗುಹಾಗರಕ್ಕೆ ಗಾಡಿ ಒಯ್ಯಬೇಕಾದರೆ ದಾಪೋಲಿ, ಖೇಡ, ಚಿಪಳೂಣ ಸುತ್ತಿ ನೂರು ಕಿಲೋಮೀಟರಿಗೂ ಹೆಚ್ಚು. ಈಗ ಕಾಲು ತಾಸೂ ಹಿಡಿಯದು. ಸರತಿಯಲ್ಲಿ ನಿಂತಾಗ ನಾವು, 'ಎಂಥ ಸುಂದರ ದಾರಿಯಯ್ಯಾ, ನೀರಿನ ಮೇಲೆ ತೇಲುತ್ತ ಹೋಗುವುದು! ಸೇತುವೆಯಾದರೆ ಇದೆಲ್ಲ ಹೋಗಿಬಿಡುತ್ತದೆ' ಎಂದೆವು. ಈ ಅಳಿವೆಗಳ ಮೇಲೆಲ್ಲ ದೊಡ್ಡ ಸೇತುವೆ ಕಟ್ಟುವ ಯೋಜನೆಯನ್ನು ಸರಕಾರ ಕೈಗೆತ್ತಿಕೊಂಡಿರುವುದನ್ನು ನಾವು ಓದಿದ್ದೆವು.

ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. ಅನಂತರ ಆ ರಾತ್ರಿಯ ವಿಷಯವನ್ನು, ಕೇಳದೆಯೇ, ಶಾಲೆಯ ವರದಿ ಒಪ್ಪಿಸುವಂತೆ ಹೇಳಿದ. ಊರಿನಿಂದ ಫೋನು ಬಂದಾಗ ಮಳೆ ಸುರಿಯುತ್ತಿತ್ತು. ಗಾಡಿ ತೆಗೆದುಕೊಂಡು ಇದೇ ಧಕ್ಕೆಗೆ ಬಂದ. ಕೊನೆಯ ದೋಣಿ ಹೋಗಿಯಾಗಿತ್ತು. ಆಚೆ ದಡದ ದೀಪಗಳು ಕಾಣುತ್ತಿದ್ದವು. ಕೂಗಿದನಂತೆ, ಆ ಮಳೆಯಲ್ಲಿ ಯಾರಿಗೆ ಕೇಳಬೇಕು? ಹಿಂದಿರುಗಿ, ದಾಪೋಲಿ, ಖೇಡ ಸುತ್ತಿ ಚಿಪಳೂಣ ಮುಟ್ಟಿ, ಕುಂಭಾರ್ಲಿ ಘಾಟಿನ ಬುಡಕ್ಕೆ ಬಂದಾಗ ಮೇಲೆ ಮರ ಉರುಳಿ ವಾಹನಗಳು ಸಾಲುಗಟ್ಟಿದ್ದವು. 'ಮರ ಬಿದ್ದು ಅರ್ಧ ತಾಸಾಗಿತ್ತು ಅಂದ್ರು, ಸರ್. ದೋಣಿ ಸಿಕ್ಕಿದ್ರ ಒಂದು ತಾಸು ಉಳೀತಿತ್ತು' ಎಂದ. ಅಷ್ಟೇ ಹೇಳಿದ್ದು. ಅನಂತರ, 'ಸೇತುವೆ ಆಗ್ಲಿ ಸರ್' ಎಂದ.

ನಮ್ಮ ಜತ್ತ ಸೀಮೆ ಮಳೆಗೆ ಬಾಯಿ ತೆರೆದು ಕುಳಿತ ನೆಲ. ನೀರಿಲ್ಲವೆಂದು ಅತ್ತವರನ್ನು ಜೀವಮಾನವಿಡೀ ಕಂಡಿದ್ದೇವೆ. ನೀರು ಅಡ್ಡ ಬಂತೆಂಬ ಅಳಲು ನಮ್ಮ ಕಲ್ಪನೆಗೆ ಬಂದಿರಲಿಲ್ಲ. 'ನಿನ್ನನ್ನು ಇಲ್ಲಿಗೆ ಕಳಿಸಿದವರು ನಾವು' ಎಂದು ಬಾಯಿಗೆ ಬಂದ ಮಾತನ್ನು ದೋಣಿಯ ಹಲಗೆ ಬಿದ್ದ ಸದ್ದು ನುಂಗಿತು. ಆತ ನಮ್ಮ ಗಾಡಿಯ ಹಿಡಿಯನ್ನು ತಾನೇ ಹಿಡಿದು, ಒಂದನೆಯ ಗೇರು ಹಾಕಿ, ಪಕ್ಕದಲ್ಲಿ ನಿಂತ.

ಆಚೆ ಗುಹಾಗರದ ಗಾಳಿಮರಗಳ ತೋಪು, ಹೆದವಿಯ ದಶಭುಜ ಗಣಪತಿ, ಎಲ್ಲವನ್ನೂ ಆತ ಉತ್ಸಾಹದಿಂದ ತೋರಿಸಿದ. ಶಾಲೆಯ ಪ್ರವಾಸಕ್ಕೆ ಮಕ್ಕಳನ್ನು ಕರೆತಂದು ಅಭ್ಯಾಸ. ಈ ನೆಲದ ಮರಗಳ ಹೆಸರು, ಭರತ-ಇಳಿತಗಳ ವೇಳೆ, ಯಾವ ಗುಡ್ಡದ ಹಿಂದೆ ಯಾವ ವಾಡಿ, ಎಲ್ಲ ಆತನ ನಾಲಗೆಯ ತುದಿಯಲ್ಲಿವೆ. ನಮಗೆ ಸಂತೋಷವೂ ಆಯಿತು, ಹೇಳಲಾಗದ ಒಂದು ಕಸಿವಿಸಿಯೂ ಆಯಿತು. ತವಸಾಳದಿಂದ ಶಾಸ್ತ್ರಿ ನದಿಯ ಅಳಿವೆಯನ್ನು ದಾಟಿ ಜಯಗಡಕ್ಕೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ನಮ್ಮನ್ನು ದಡ ಮುಟ್ಟಿಸಿ, ಕಾಲಿಗೆರಗಿ, ಅದೇ ದೋಣಿಯಲ್ಲಿ ಆತ ಹಿಂದಿರುಗಿದ. ದಾಭೋಳದ ಕೊನೆಯ ದೋಣಿ ತಪ್ಪಬಾರದಲ್ಲ. ತಾಯಿಗೆಂದು ಒಂದು ಗಂಟು ಕೊಟ್ಟಿದ್ದ: ಒಣಗಿದ ಮುರುಗಲ ಸಿಪ್ಪೆ.

ಮಾಲಗುಂಡದಲ್ಲಿ ಒಂದು ಬೆಳಗು ನಿಂತೆವು. ಮರಾಠಿಯ ನವಕಾವ್ಯದ ಆದ್ಯರೆನಿಸಿದ ಕೇಶವಸುತರು ಹುಟ್ಟಿದ ಊರು. ಅವರ ಹುಲ್ಲು-ಹೆಂಚಿನ ಮನೆ ಈಗ ಸ್ಮಾರಕ. ಅವರ ತಂದೆ ಶಾಲಾ ಮಾಸ್ತರರು, ಅವರೂ ಶಾಲಾ ಮಾಸ್ತರರು. ಊರಿಂದೂರಿಗೆ ಅಲೆದು, ಕೊನೆಗೆ ಧಾರವಾಡದ ಹೈಸ್ಕೂಲಿಗೆ ಬಂದು, 1905ರ ನವೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗಿಗೆ ತುತ್ತಾದರು. ನಲವತ್ತು ತುಂಬಿರಲಿಲ್ಲ. ಈ ಕಡಲ ಮಗನನ್ನು ನಮ್ಮ ನೆಲ ಉಳಿಸಿಕೊಳ್ಳಲಾರದೆ ಹೋಯಿತು. ಅಂಗಳ ಗುಡಿಸುತ್ತಿದ್ದ ಹೆಂಗಸು, 'ಎಲ್ಲಿಂದ ಬಂದಿರಿ?' ಎಂದಳು. ಜತ್ತ ಎಂದರೆ ತಿಳಿಯಲಿಲ್ಲ, ಕರ್ನಾಟಕದ ಗಡಿ ಎಂದರೆ, 'ಬಹಳ ದೂರ' ಎಂದಳು.

ಆಂಬಾ ಘಾಟ ಹತ್ತಿ, ಕೊಲ್ಹಾಪುರ, ಮಿರಜ ದಾಟಿ ಊರು ಸೇರಿದೆವು. ಮರುದಿನವೇ ಆ ತಾಯಿಯ ಮನೆಗೆ ಗಂಟು ಒಯ್ದುಕೊಟ್ಟೆವು. ಆಕೆ ಬಿಚ್ಚಿ, ಮೂಸಿ, ಮತ್ತೆ ಕಟ್ಟಿಟ್ಟಳು. ಮೊಮ್ಮಕ್ಕಳ ಸುದ್ದಿ ಕೇಳಿದಳು. ಕನ್ನಡ ಆಡುತ್ತಾರೆಯೇ ಎಂದು ಕೇಳಿದಳು. ಆಡುತ್ತಾರೆ ಎಂದೆವು. ಬಹಳ ಹೊತ್ತಿನ ಮೇಲೆ, 'ಅವತ್ತ ಅವಂಗ ದೋಣಿ ತಪ್ಪಿತ್ತಂತಲ್ರಿ, ಆ ನೀರು ನೋಡಿದ್ರೇನು?' ಎಂದಳು.

ನೋಡಿದೆವು ಎಂದೆವು.

'ದಾಟಾಕ ಎಷ್ಟೊತ್ತು ಹಿಡೀತೈತ್ರಿ?'

'ಕಾಲು ತಾಸೂ ಹಿಡಿಯುವುದಿಲ್ಲ, ತಾಯಿ.'

'ಕಾಲು ತಾಸು' ಎಂದು ಆಕೆ ಮೆಲ್ಲಗೆ ಅಂದು, ಗಂಟನ್ನು ಎತ್ತಿಕೊಂಡು, ನಮಗೆ ಚಹಾ ಮಾಡಲು ಒಳಗೆ ಹೋದಳು.